ಹೂವಿನ ಹೊಲಕ್ಕೆ ಇಳಿಯುವ ಮುಂಚೆ

ಮಂಗಳೂರು ಕಡೆಯಿಂದ ಊಟಿಗೆ ಟೂರ್ ಹೊರಡುವ ನಮ್ಮ ಬ್ಯಾರಿ ಕುಟುಂಬಗಳಿಗೆ ಗುಂಡ್ಲುಪೇಟೆ ಎಂದರೆ ಚಾ ಕುಡಿಯಲು ಗಾಡಿ ನಿಲ್ಲಿಸುವ ಊರು. ಜುಲೈ, ಆಗಸ್ಟ್ ತಿಂಗಳಾದರೆ ಇನ್ನೊಂದು ಕೆಲಸವೂ ಇದೆ. ರಸ್ತೆ ಬದಿಯ ಸೂರ್ಯಕಾಂತಿ ಹೊಲ ಕಂಡದ್ದೇ ತಡ, ಮಕ್ಕಳುಮರಿ ಸಮೇತ ಎಲ್ಲರೂ ಇಳಿದು ಫೋಟೋ! ಕೇರಳದಿಂದ ಬರುವವರದ್ದೂ ಇದೇ ಕತೆ.

ನಮಗೆ ಅದು ಸೀನರಿ, ರೈತನಿಗೆ ಎಣ್ಣೆಕಾಳಿನ ಬೆಳೆ. ಪಕ್ಕದ ಚೆಂಡು ಹೂವಿನಲ್ಲೂ ಬಹಳಷ್ಟು ಹೋಗುವುದು ಹಾರಕ್ಕಲ್ಲ, ಬಣ್ಣ ತೆಗೆಯುವ ಕಾರ್ಖಾನೆಗೆ. ಸೂರ್ಯಕಾಂತಿ ಗಿಡಕ್ಕೆ ಸಾಮಾನ್ಯವಾಗಿ ಒಂದೇ ಹೂವು. ಸೆಲ್ಫಿಗೆಂದು ಬಗ್ಗಿಸಿದ ದಂಟು ಮುರಿದರೆ ಆ ಗಿಡದ ಫಸಲು ಅಲ್ಲಿಗೆ ಮುಗಿಯಿತು. ಅದಕ್ಕೇ ಕೆಲವು ರೈತರು ಹಗ್ಗ ಕಟ್ಟಿ, ತಲೆಗೆ ಹತ್ತೋ ಇಪ್ಪತ್ತೋ ರೂಪಾಯಿ ಕೇಳುತ್ತಾರೆ. "ಹೂವು ನೋಡ್ಲಿಕ್ಕೂ ದುಡ್ಡಾ?" ಎಂದು ಜಗಳಕ್ಕೆ ನಿಲ್ಲುವವರನ್ನು ನೋಡಿದ್ದೇನೆ. ಅದೇ ಜನ ಊಟಿಯ ಬೊಟಾನಿಕಲ್ ಗಾರ್ಡನ್ನಿನಲ್ಲಿ ಬಾಯಿ ಮುಚ್ಚಿಕೊಂಡು ಟಿಕೆಟ್ ತೆಗೆಯುತ್ತಾರೆ. ಕೇಳಿ, ಕೊಟ್ಟು, ಬದುವಿನ ಮೇಲೆ ನಿಂತು ತೆಗೆಯಿರಿ. ಸೂರ್ಯನ ಜೊತೆ ತಿರುಗುವುದು ಎಳೆಯ ಗಿಡ ಮಾತ್ರ. ಪೂರ್ತಿ ಅರಳಿದ ಹೂವು ಪೂರ್ವಕ್ಕೇ ಮುಖ ಮಾಡಿ ನಿಲ್ಲುತ್ತದೆ. ಹಾಗಾಗಿ ಬೆಳಗ್ಗೆ ಬಂದು ಹೊಲದ ಪೂರ್ವದ ಬದುವಿನಲ್ಲಿ ನಿಂತರೆ ಒಳಗೆ ನುಗ್ಗುವ ಅಗತ್ಯವೇ ಇಲ್ಲ.

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ನಿಮ್ಮ ಕಾರು ಹೋಗುವುದಿಲ್ಲ, ಬುಡದಿಂದ ಸರ್ಕಾರಿ ಬಸ್ಸು. ಮಂಜು ಇದ್ದರೆ ಮೊಬೈಲು ಕಿಸೆಯಲ್ಲಿಟ್ಟು ಸುಮ್ಮನೆ ನೋಡುವುದೇ ಒಳ್ಳೆಯದು.

ಬಂಡೀಪುರದ ರಸ್ತೆಯಲ್ಲಂತೂ ಇಳಿಯಲೇಬೇಡಿ. 2025ರ ಆಗಸ್ಟ್‌ನಲ್ಲಿ ಕಾಡಾನೆಯ ಫೋಟೋಗೆಂದು ಇಳಿದವರೊಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು ಕೆಡವಿತು. ಜೀವ ಉಳಿಯಿತು, ಅರಣ್ಯ ಇಲಾಖೆ 25 ಸಾವಿರ ರೂಪಾಯಿ ದಂಡ ಹಾಕಿತು.

ಇಷ್ಟೆಲ್ಲ ಸುತ್ತುವವರು ಚಾಮರಾಜನಗರಕ್ಕೆ ಮಾತ್ರ ಬರುವುದಿಲ್ಲ. ಅರಿಕುಠಾರ ಎಂಬ ಹೆಸರಿದ್ದ ಈ ಊರಿಗೆ 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರಿಟ್ಟರು. ತಂದೆ ಹುಟ್ಟಿದ ಜಾಗದ ಜನನ ಮಂಟಪ ಈಗಲೂ ಇದೆ. 1826ರಲ್ಲಿ ಅವರೇ ಕಟ್ಟಿಸಿದ ಚಾಮರಾಜೇಶ್ವರ ದೇವಸ್ಥಾನದ ಆಷಾಢದ ತೇರಿಗೆ ಹೊಸದಾಗಿ ಮದುವೆಯಾದ ಜೋಡಿಗಳು ಸಾಲುಗಟ್ಟಿ ಬರುತ್ತವೆ. ಆ ರಥಕ್ಕೆ 2017ರಲ್ಲಿ ಕಿಡಿಗೇಡಿಯೊಬ್ಬ ಬೆಂಕಿ ಹಚ್ಚಿದ. ಹೊಸ ರಥ ಬೀದಿಗೆ ಬಂದದ್ದು 2022ರಲ್ಲಿ. ಹಳೆಯದನ್ನು ಇನ್ನು ನೋಡಬೇಕೆಂದರೆ ಯಾರದಾದರೂ ಮನೆಯ ಫೋಟೋದಲ್ಲೇ ನೋಡಬೇಕು.

ಬೆಂಕಿ ಹಚ್ಚದೆಯೂ ಹೋಗುವ ವಸ್ತುಗಳಿವೆ. ಕುಂಚದಲ್ಲಿ ಬರೆದ ಅಂಗಡಿ ಬೋರ್ಡುಗಳನ್ನೇ ನೋಡಿ. ಅಕ್ಷರಕ್ಕೆ ನೆರಳು ಕೊಟ್ಟು, ಮೂಲೆಯಲ್ಲಿ ಹೂಬಳ್ಳಿ ಬಿಡಿಸಿ ಬರೆಯುತ್ತಿದ್ದ ಆರ್ಟಿಸ್ಟ್‌ಗಳ ಕೈಯ ಕೆಲಸವನ್ನು ಫ್ಲೆಕ್ಸ್ ತಿಂದು ಹಾಕಿದೆ. ಹಳೆಯ ಅಂಗಡಿ ಬೀದಿಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿದೆ, ಅದೂ ಬಣ್ಣ ಮಾಸಿ. ಅಂಗಡಿಯವರನ್ನು ಒಂದು ಮಾತು ಕೇಳಿ ತೆಗೆದಿಟ್ಟುಕೊಳ್ಳಿ. ಬರೆದವರು ಯಾರೆಂದು ಕೇಳಿ ಹೆಸರನ್ನೂ ಬರೆದಿಡಿ. ಬೀದಿ ಇಕ್ಕಟ್ಟು, ಕಾರು ದೂರ ನಿಲ್ಲಿಸಿ ನಡೆದೇ ಬನ್ನಿ.