ಕಿವಿಯೊಳಗಿನ ಶಂಖದ ಅಳತೆ

ಹುಟ್ಟುಗಿವುಡಾದ ಮಗುವಿಗೆ ಶಸ್ತ್ರಕ್ರಿಯೆ ಮಾಡಿ, ಒಳಗಿವಿಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಯಂತ್ರದ ತಂತಿಯನ್ನು ಇರಿಸಿದ್ದಾಯಿತು. ಆ ತಂತಿಯು ಸರಿಯಾದ ತಾವಿನಲ್ಲಿದೆಯೆಂದು ತಾಯಿತಂದೆಗಳು ನಂಬುವುದು ಹೇಗೆ? ಇದನ್ನು ವಾಚಕರಿಗೆ ಸಂಗ್ರಹವಾಗಿ ತಿಳಿಸಲು ಯತ್ನಿಸುವೆವು.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿದ ನಾಳವೊಂದುಂಟು. ಇದೇ ಕರ್ಣಶಂಖ. ವೀಣೆಯ ಮೆಟ್ಟುಗಳಂತೆ ಇಲ್ಲಿಯೂ ಒಂದೊಂದು ಸ್ವರಕ್ಕೆ ಒಂದೊಂದು ಸ್ಥಾನ. ಬುಡದಲ್ಲಿ ತಾರಸ್ವರ, ತುದಿಯಲ್ಲಿ ಮಂದ್ರಸ್ವರ. ತಂತಿಯ ಮೇಲಿನ 12ರಿಂದ 22 ವಿದ್ಯುದ್ಬಿಂದುಗಳು ಆಯಾ ಸ್ಥಾನದ ಶ್ರವಣನರವನ್ನು ನೇರವಾಗಿ ಎಚ್ಚರಿಸುವುವು. ಇಂತಹ ಬಹುಬಿಂದುಗಳ ಯಂತ್ರವೊಂದನ್ನು 1978ರಲ್ಲಿ ಮೆಲ್ಬರ್ನಿನಲ್ಲಿ ಗ್ರೇಮ್ ಕ್ಲಾರ್ಕರು ಅಳವಡಿಸಿದರು.

ಆದರೆ ಎಲ್ಲರ ಶಂಖವೂ ಒಂದೇ ಪ್ರಮಾಣದ್ದಲ್ಲ. ಅದರ ಉದ್ದವು ಸುಮಾರು 25ರಿಂದ 45 ಮಿಲಿಮೀಟರುಗಳವರೆಗೆ ವ್ಯತ್ಯಾಸವಾಗುವುದು. ಒಂದೇ ಉದ್ದದ ತಂತಿಯು ಚಿಕ್ಕ ಶಂಖದಲ್ಲಿ ಹೆಚ್ಚು ಸುತ್ತಿಗೂ, ದೊಡ್ಡದರಲ್ಲಿ ಕಡಮೆ ಸುತ್ತಿಗೂ ನಿಲ್ಲುವುದು. ಆದುದರಿಂದಲೇ ಅಳತೆಯು ಅವಶ್ಯಕ.

ವೈದ್ಯರು ಸಿ.ಟಿ. ಚಿತ್ರದಲ್ಲಿ ಶಂಖದ ಬುಡದ ಸುತ್ತಿನ ಅಗಲವನ್ನು ನೋಡುವರು. ಅದು ಸಾಮಾನ್ಯವಾಗಿ 9 ಮಿಲಿಮೀಟರುಗಳ ಆಸುಪಾಸಿನದು. ಈ ಒಂದು ಅಳತೆಯಿಂದಲೇ ನಾಳದ ಉದ್ದವನ್ನು ಅಂದಾಜು ಮಾಡಬಹುದೆಂದು 2006ರಲ್ಲಿ ಎಸ್ಕ್ಯುದೆ ಮತ್ತು ಅವರ ಸಂಗಡಿಗರು ತೋರಿಸಿದರು. ಶಸ್ತ್ರಕ್ರಿಯೆಯ ತರುವಾಯ, ದುಂಡುಗಿಂಡಿಯೆಂಬ ದ್ವಾರವನ್ನು ಸೊನ್ನೆಯೆಂದು ಇಟ್ಟುಕೊಂಡು, ಪ್ರತಿಯೊಂದು ಬಿಂದುವೂ ಎಷ್ಟನೆಯ ಅಂಶದಲ್ಲಿದೆಯೆಂದು ಎಣಿಸುವರು. ಒಂದು ಪೂರ್ಣಸುತ್ತಿಗೆ 360 ಅಂಶ. ಲೋಹದ ಪ್ರಭೆಯಿಂದ ಚಿತ್ರವು ಮಸುಕಾಗುವುದರಿಂದ, ಮೊದಲು ತೆಗೆದ ಚಿತ್ರವನ್ನು ಇದರೊಡನೆ ಹೊಂದಿಸಿ ನೋಡುವುದೂ ಉಂಟು.

ತಂತಿಯ ತುದಿ ಮಡಿಚಿಕೊಂಡಿದ್ದರೆ, ಕೆಳಗಿನ ಕೋಣೆಯಿಂದ ಮೇಲಿನದಕ್ಕೆ ನುಗ್ಗಿದ್ದರೆ, ಅಥವಾ ಕೆಲವು ಬಿಂದುಗಳು ಹೊರಗೇ ಉಳಿದಿದ್ದರೆ, ಚಿತ್ರವು ಅದನ್ನು ಬಯಲಿಗೆ ತರುವುದು. ಮಡಿಚಿದ ತುದಿಯನ್ನು ಬೇಗನೆ ಕಂಡುಕೊಂಡರೆ ಸರಿಪಡಿಸಲು ಅವಕಾಶವುಂಟು. ಯಾವ ಬಿಂದುವಿಗೆ ಯಾವ ಸ್ವರವನ್ನು ಒಪ್ಪಿಸಬೇಕೆಂಬ ನಿರ್ಣಯಕ್ಕೂ ಈ ಅಳತೆಯು ನೆರವಾಗುವುದು.

ಪ್ರಕೃತಿಯ ಒಂದು ಸೋಜಿಗವನ್ನು ಇಲ್ಲಿ ಹೇಳಲೇಬೇಕು: ಕರ್ಣಶಂಖವು ಹುಟ್ಟುವಾಗಲೇ ಪೂರ್ಣಪ್ರಮಾಣದ್ದಾಗಿರುವುದು. ಮಗು ಬೆಳೆದಂತೆ ಅದು ಬೆಳೆಯದು. ಕೂಸಿನಲ್ಲಿ ತೆಗೆದ ಅಳತೆಯೇ ಮುಂದೆಯೂ ಸಲ್ಲುವುದು.

ತಾಯಿತಂದೆಗಳು ಈ ಚಿತ್ರವನ್ನು ತೋರಿಸುವಂತೆ ವೈದ್ಯರನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಯಂತ್ರದಲ್ಲಿ ಅಯಸ್ಕಾಂತವಿರುವುದರಿಂದ, ಮುಂದೆಂದಾದರೂ ಎಂ.ಆರ್.ಐ. ಪರೀಕ್ಷೆ ಬೇಕಾದಾಗ ಮುಂಚಿತವಾಗಿಯೇ ತಿಳಿಸತಕ್ಕದ್ದು. ಆದರೆ ಅಳತೆಯು ನೆಟ್ಟಗಿದ್ದ ಮಾತ್ರಕ್ಕೆ ಮಗುವಿಗೆ ಮಾತು ಬಾರದು. ತಂತಿಯ ತಾವನ್ನು ವೈದ್ಯರು ನೋಡಿಕೊಳ್ಳುವರು. ದಿನದಿನವೂ ಮಗುವಿನೊಡನೆ ಮಾತನಾಡುವ ಕೆಲಸವು ಮನೆಯವರದು.