ಕಪ್ಪು ಪರದೆ ಸುಮ್ಮನಿದ್ದರೆ ಕೆಟ್ಟಿದೆ ಎಂದಲ್ಲ

ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಲೆಕ್ಕ ಬರೆಯುವ ಹುಡುಗರಿರಲಿ, ಭಾಲ್ಕಿ, ಔರಾದದಿಂದ ಡಿಪ್ಲೊಮಾ ಓದಲು ಬರುವವರಿರಲಿ, ಲಿನಕ್ಸ್ ಎಂದರೆ ಹಿಂಜರಿಯುತ್ತಾರೆ. ಅದು ಎಂಜಿನಿಯರುಗಳಿಗೆ ಮಾತ್ರ ಎಂಬ ನಂಬಿಕೆ. ಅವರ ಕಿಸೆಯ ಆಂಡ್ರಾಯ್ಡ್ ಫೋನಿನೊಳಗೆ ಓಡುತ್ತಿರುವುದು ಅದೇ ಲಿನಕ್ಸ್ ಕರ್ನೆಲ್. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಬರೆಯತೊಡಗಿದ್ದು. ಉಬುಂಟು, ಮಿಂಟ್‌ನಂಥ ಲಿನಕ್ಸ್‌ಗಳಲ್ಲಿ ದಿನದ ಕೆಲಸವೆಲ್ಲ ಮೌಸಿನಿಂದಲೇ ಆಗುತ್ತದೆ.

ಹೊಸಬರನ್ನು ನಿಜವಾಗಿ ಓಡಿಸುವುದು ಆಜ್ಞೆ ಬರೆಯುವ ಕಪ್ಪು ಪರದೆಯ, ಅಂದರೆ ಟರ್ಮಿನಲ್ಲಿನ, ಮೌನ. ‘ಪಾಸ್‌ವರ್ಡ್ ಹೊಡೆದರೂ ಏನೂ ಬೀಳುತ್ತಿಲ್ಲ, ಕೀಬೋರ್ಡ್ ಹೋಗಿದೆ’ ಎನ್ನುತ್ತಾರೆ. ಹೋಗಿಲ್ಲ. ಪಕ್ಕದಲ್ಲಿ ನಿಂತವರಿಗೆ ಅಕ್ಷರಗಳ ಎಣಿಕೆಯೂ ತಿಳಿಯಬಾರದೆಂದು ಅನೇಕ ಲಿನಕ್ಸ್‌ಗಳು ಚುಕ್ಕೆಯನ್ನೂ ತೋರಿಸುವುದಿಲ್ಲ. ಪೂರ್ತಿ ಹೊಡೆದು ಎಂಟರ್ ಒತ್ತಿದರೆ ಆಯಿತು. ‘ಸಿಪಿ’ ಕೊಟ್ಟು ಫೈಲ್ ನಕಲು ಮಾಡಿದಾಗಲೂ ‘ಆಯಿತು’ ಎಂಬ ಉತ್ತರ ಬರುವುದಿಲ್ಲ. ತಪ್ಪಿದ್ದರೆ ಮಾತ್ರ ಹೇಳುತ್ತದೆ. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್ ಕಟ್ಟುವ ಕಾಲಕ್ಕೆ ಉತ್ತರಗಳು ನಿಧಾನವಾದ ಟೆಲಿಟೈಪಿನಲ್ಲಿ, ಕಾಗದದ ಮೇಲೆ ಅಚ್ಚಾಗುತ್ತಿದ್ದವು. ಅನವಶ್ಯಕ ಮಾತು ಯಾರಿಗೂ ಬೇಕಿರಲಿಲ್ಲ.

ಈ ಮೌನಕ್ಕೆ ಇನ್ನೊಂದು ಮುಖವಿದೆ. ‘ಅಳಿಸಿದ್ದು ಕಸದಬುಟ್ಟಿಯಲ್ಲಿ ಸಿಗುತ್ತದೆ’ ಎಂಬ ನಂಬಿಕೆ ಮೌಸಿನಿಂದ ಅಳಿಸಿದಾಗ ಸರಿ. ಟರ್ಮಿನಲ್‌ನಲ್ಲಿ ‘ಆರ್‌ಎಂ’ ಕೊಟ್ಟರೆ ಫೈಲ್ ಬುಟ್ಟಿಗೆ ಹೋಗುವುದೇ ಇಲ್ಲ. ಸಾಮಾನ್ಯವಾಗಿ ಕೇಳುವುದೂ ಇಲ್ಲ. ‘ಆರ್‌ಎಂ ಮೈನಸ್ ಐ’ ಎಂದು ಕೊಟ್ಟರೆ ಮೊದಲು ಕೇಳುತ್ತದೆ. ಮೊದಲ ದಿನವೇ ಇದನ್ನು ರೂಢಿ ಮಾಡಿಕೊಳ್ಳಿ. ಅನುಮತಿ ಇಲ್ಲ ಎಂದು ಬಂದ ಕೂಡಲೇ ಆಜ್ಞೆಯ ಮುಂದೆ ಪೂರ್ಣ ಅಧಿಕಾರ ಕೊಡುವ ‘ಸುಡೊ’ ಹಚ್ಚುವುದೂ ಕೆಟ್ಟ ಚಾಳಿ. ಆ ತಡೆ ಇರುವುದು ನಿಮ್ಮ ಕೈತಪ್ಪಿನಿಂದ ಇಡೀ ವ್ಯವಸ್ಥೆ ಹಾಳಾಗದಿರಲೆಂದು.

‘ಅದರಲ್ಲಿ ಕನ್ನಡ ಬರುವುದಿಲ್ಲ’ ಎಂಬ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಗುಬ್ಬಿ, ನವಿಲು, ಲೋಹಿತ್ ಫಾಂಟ್‌ಗಳು ಪುಕ್ಕಟೆ ಸಿಗುತ್ತವೆ. ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸವೂ ಇದೆ. ಕೇರಳದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಕಂಪ್ಯೂಟರ್ ಕಲಿಯುವುದೇ ಲಿನಕ್ಸ್ ಮೇಲೆ. ತಹಶೀಲ್ದಾರರಿಗೆ ಕನ್ನಡದಲ್ಲಿ ಅರ್ಜಿ, ಗಡಿಯಾಚೆಯ ಬೀಗರಿಗೆ ಮರಾಠಿಯಲ್ಲಿ ಪತ್ರ, ಅಂಗಡಿಗೆ ಉರ್ದು ಚೀಟಿ ಬೇಕಾಗುವ ನಮ್ಮ ಬೀದರಿನಲ್ಲಿ, ಒಂದೇ ಗುಂಡಿಯಿಂದ ಮೂರೂ ಲಿಪಿಗೆ ದಾಟುವ ಅನುಕೂಲ ಸಣ್ಣದಲ್ಲ. ತೊಡಕಿರುವುದು ‘ನುಡಿ’ ತಂತ್ರಾಂಶದ ಹಳೆಯ ಕಡತಗಳಲ್ಲಿ: ಯೂನಿಕೋಡಿಗೆ ಪರಿವರ್ತಿಸದಿದ್ದರೆ ಗೀಚಿದಂತೆ ಕಾಣುತ್ತವೆ.

ಲಿನಕ್ಸ್ ಬೇಕೆಂದರೆ ವಿಂಡೋಸ್ ಅಳಿಸಲೇಬೇಕು ಎಂಬುದೂ ಸುಳ್ಳು. ವಿಂಡೋಸಿಗೆಂದೇ ಮಾಡಿದ ಲೆಕ್ಕದ ತಂತ್ರಾಂಶ ಟ್ಯಾಲಿಯೇ ಅನ್ನ ಕೊಡುತ್ತಿದ್ದರೆ ವಿಂಡೋಸ್ ಇಟ್ಟುಕೊಳ್ಳಿ. 8 ಜಿಬಿ ಪೆನ್‌ಡ್ರೈವ್‌ಗೆ ಮಿಂಟ್ ಹಾಕಿ, ಅದರಿಂದಲೇ ಕಂಪ್ಯೂಟರ್ ಶುರು ಮಾಡಿ, ಇನ್‌ಸ್ಟಾಲ್ ಒತ್ತದೆ ಬಳಸಿ ನೋಡಬಹುದು. ವೈಫೈ ಹಿಡಿಯುತ್ತದೆಯೇ, ಧ್ವನಿ ಬರುತ್ತದೆಯೇ, ಪ್ರಿಂಟರ್ ಓಡುತ್ತದೆಯೇ ಎಂಬುದನ್ನು ಆಗಲೇ ಪರೀಕ್ಷಿಸಿಕೊಳ್ಳಿ.