ಮುಪ್ಪಿನಲ್ಲಿ ಏರುವ ರಕ್ತದೊತ್ತಡ

ಅರುವತ್ತು ದಾಟಿದ ಹಿರಿಯರ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡವನ್ನಳೆದ ವೈದ್ಯರು 170, 78 ಎಂದು ಎರಡು ಅಂಕೆಗಳನ್ನು ಬರೆದುಕೊಡುತ್ತಾರೆ. ಮನೆಯವರಿಗೆ ಕೆಳಗಿನ ಅಂಕೆಯನ್ನು ಕಂಡು ಸಮಾಧಾನ. ಮೇಲಿನದಕ್ಕೆ ‘ವಯಸ್ಸಾಯಿತಲ್ಲ’ ಎಂಬುದೊಂದೇ ಉತ್ತರ. ಈ ಸಮಾಧಾನಕ್ಕೆ ಆಧಾರವುಂಟೇ ಎಂಬುದನ್ನು ನಾವಿಲ್ಲಿ ವಿಚಾರಿಸೋಣ.

ಹೃದಯವು ಸಂಕುಚಿಸಿ ರಕ್ತವನ್ನು ಹೊರನೂಕಿದಾಗ ಧಮನಿಗಳಲ್ಲುಂಟಾಗುವ ಗರಿಷ್ಠ ಒತ್ತಡವೇ ಮೇಲಿನ ಅಂಕೆ, ಎಂದರೆ ಸಂಕೋಚನ ಒತ್ತಡ. ಹೃದಯವು ಸಡಿಲಗೊಂಡು ಮರಳಿ ತುಂಬಿಕೊಳ್ಳುವಾಗ ಉಳಿದಿರುವ ಕನಿಷ್ಠ ಒತ್ತಡ ಕೆಳಗಿನದು. ಎರಡನ್ನೂ ಪಾದರಸದ ಕಂಬದ ಮಿಲಿಮೀಟರುಗಳಲ್ಲಿ ಹೇಳುವುದು ರೂಢಿ.

ಹೃದಯವು ಬಿಟ್ಟುಬಿಟ್ಟು ಮಿಡಿದರೂ ರಕ್ತವು ಎಡೆಬಿಡದೆ ಹರಿಯುವುದು ಹೇಗೆ? ಹಾರ್ಮೋನಿಯಂ ನುಡಿಸುವವರನ್ನು ನೋಡಿರಿ. ಕೈಯು ತಿದಿಯನ್ನು ತಡೆತಡೆದು ಒತ್ತಿದರೂ ಸ್ವರ ಕಡಿಯದು. ಪೆಟ್ಟಿಗೆಯೊಳಗಿನ ಇನ್ನೊಂದು ತಿದಿಯು ಗಾಳಿಯನ್ನು ತುಂಬಿಕೊಂಡು ಉಬ್ಬಿ, ಕೈ ಹಿಂದೆಗೆದಾಗ ಅದನ್ನು ಮೆಲ್ಲನೆ ಬಿಟ್ಟುಕೊಡುವುದೇ ಇದಕ್ಕೆ ಕಾರಣ. ನಮ್ಮ ದೇಹದಲ್ಲಿ ಈ ಒಳತಿದಿಯ ಕೆಲಸ ಮಹಾಧಮನಿಯದು. ಅದರ ಗೋಡೆಯಲ್ಲಿರುವ ಇಲಾಸ್ಟಿನ್ ಎಂಬ ಎಳೆಗಳು ರಬ್ಬರಿನಂತೆ ಹಿಗ್ಗಿ ಕುಗ್ಗುತ್ತವೆ. ಇವುಗಳಲ್ಲಿ ಬಹುಪಾಲು ಬಾಲ್ಯದಲ್ಲೇ ನೆಯ್ದಂಥವು. ಸವೆದರೆ ಬದಲಿ ಹುಟ್ಟುವುದು ತೀರ ಅಲ್ಪ. ಅರುವತ್ತು ವರ್ಷಗಳಲ್ಲಿ 200 ಕೋಟಿಗೂ ಹೆಚ್ಚು ಸಲ ಹಿಗ್ಗಿದ ಎಳೆಗಳು ಹರಿಯತೊಡಗಿದರೆ ಅಚ್ಚರಿಯೇನು! ಆಗ ಸುಲಭವಾಗಿ ಹಿಗ್ಗದ ಕೊಲಾಜೆನ್ ಎಳೆಗಳು ಭಾರ ಹೊರುತ್ತವೆ. ಸುಣ್ಣದ ಅಂಶವೂ ಸೇರಿಕೊಳ್ಳುತ್ತದೆ. ಗೋಡೆ ಬಿರುಸಾದ ಬಳಿಕ ಮಿಡಿತದ ರಭಸವೆಲ್ಲ ಮೇಲಿನ ಅಂಕೆಯನ್ನೇರಿಸುತ್ತದೆ. ಹಿಗ್ಗಿ ಕೂಡಿಟ್ಟದ್ದು ಕಡಿಮೆಯಾದುದರಿಂದ ಕೆಳಗಿನ ಅಂಕೆ ಇಳಿಯುತ್ತದೆ. ಕೆಳಗಿನ ಅಂಕೆಯೊಂದನ್ನೇ ಕಂಡು ಸಂತೋಷಪಡುವ ನಾವು, ಎಷ್ಟೋ ವೇಳೆ ಬಿರುಸಾದ ಧಮನಿಯ ಗುರುತನ್ನೇ ಆರೋಗ್ಯದ ಗುರುತೆಂದು ಬಗೆದಂತಾಯಿತು.

ವಯಸ್ಸಿಗೆ 100 ಕೂಡಿಸಿದಷ್ಟು ಒತ್ತಡ ಸಹಜವೆಂಬ ಲೆಕ್ಕ ವೈದ್ಯರಲ್ಲೇ ಬಹುಕಾಲ ಬಳಕೆಯಲ್ಲಿತ್ತು. ಒತ್ತಡ ತಗ್ಗಿಸಿದರೆ ವೃದ್ಧರ ಮಿದುಳಿಗೆ ರಕ್ತ ಸಾಲದೆ ಹೋದೀತೆಂಬ ಅಂಜಿಕೆಯೂ ಇತ್ತು. ಅದು ಕೇವಲ ಮೂಢತನವೆಂದು ನಾವು ಹೇಳಲಾರೆವು. ಅಮೆರಿಕದಲ್ಲಿ ನಡೆದು 1991ರಲ್ಲಿ ಪ್ರಕಟವಾದ ಪ್ರಯೋಗವೊಂದು ಈ ಸಂದೇಹವನ್ನು ಬಗೆಹರಿಸಿತು. 60 ವರ್ಷ ಮೇಲ್ಪಟ್ಟ 4,736 ಮಂದಿಯನ್ನು ಆರಿಸಿದರು. ಅವರೆಲ್ಲರ ಮೇಲಿನ ಅಂಕೆ 160 ಅಥವಾ ಹೆಚ್ಚು, ಕೆಳಗಿನದು 90ಕ್ಕಿಂತ ಕಡಿಮೆ. ಅರ್ಧದಷ್ಟು ಜನರಿಗೆ ಮೂತ್ರವನ್ನು ಹೆಚ್ಚಿಸುವ ಕ್ಲೋರ್‌ಥಾಲಿಡೋನ್ ಗುಳಿಗೆ, ಅದು ಸಾಲದವರಿಗೆ ಇನ್ನೊಂದು ಮದ್ದು. ಉಳಿದರ್ಧಕ್ಕೆ ಔಷಧವಿಲ್ಲದ ಹುಸಿಗುಳಿಗೆ. ಸುಮಾರು ನಾಲ್ಕೂವರೆ ವರ್ಷಗಳ ಬಳಿಕ ನೋಡಿದರೆ, ಮದ್ದು ಪಡೆದವರಲ್ಲಿ ಮಿದುಳಿನ ಆಘಾತ ಶೇಕಡ 36ರಷ್ಟು ಕಡಿಮೆಯಾಗಿತ್ತು.

ಉಪ್ಪಿನಕಾಯಿ, ಹಪ್ಪಳಗಳನ್ನು ಮಿತಗೊಳಿಸುವುದೂ ಒತ್ತಡ ತಗ್ಗಿಸಲು ನೆರವಾಗುತ್ತದೆ. ಆದರೆ ವೃದ್ಧರಲ್ಲಿ ಅವಸರ ಸಲ್ಲದು. ಒತ್ತಡ ಥಟ್ಟನೆ ಇಳಿದರೆ, ಎದ್ದು ನಿಂತೊಡನೆ ತಲೆ ತಿರುಗಿ ಬಿದ್ದು ಸೊಂಟದ ಮೂಳೆ ಮುರಿಯುವ ಭಯವುಂಟು. ಆದುದರಿಂದ ವೈದ್ಯರು ಇಂಥವರ ಒತ್ತಡವನ್ನು ಕುಳ್ಳಿರಿಸಿ ಅಳೆದ ಮೇಲೆ, ನಿಲ್ಲಿಸಿಯೂ ಒಮ್ಮೆ ಅಳೆಯುತ್ತಾರೆ.